60 ಗೂಡುಪೆಟ್ಟಿಗೆ, ಒಂದೇ ಏಣಿ. ಇನ್ನೂ 200 ಬೇಕಾ?

ಜೌಗಿನಂಚು
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೈಯಬೇಡಿ.

ನಾವು 14 ಜನ ಸೇರಿ ಒಂದು ಜೌಗು ನೋಡಿಕೊಳ್ಳುತ್ತಿದ್ದೇವೆ. ಮೊದಲು ಅಲ್ಲಿ ಒಡೆದ ಕಟ್ಟಡಗಳ ಮಣ್ಣು, ಇಟ್ಟಿಗೆ ಸುರಿಯುತ್ತಿದ್ದರು. ಐದು ವರ್ಷದ ಹಿಂದೆ ಅದನ್ನೆಲ್ಲ ತೆಗೆದು, ನೀರು ಬರುವ ದಾರಿ ಬಿಡಿಸಿ, ದಂಡೆ ಮೇಲೆ ಗಿಡ ನೆಟ್ಟದ್ದಾಯಿತು. ಈಗ ನೀರು ನಿಲ್ಲುತ್ತದೆ, ಜೊಂಡು ಬೆಳೆದಿದೆ, ಹಕ್ಕಿಗಳೂ ಬರುತ್ತಿವೆ. ಆದರೆ ಗಿಡಗಳು ಇನ್ನೂ ನನ್ನ ಎತ್ತರ. ಪೊಟರೆ ಇರುವಂಥ ಹಳೆ ಮರ ಒಂದೂ ಇಲ್ಲ. ಅದಕ್ಕೇ ಎರಡು ವರ್ಷದ ಹಿಂದೆ ಕಂಬ ನೆಟ್ಟು 60 ಗೂಡುಪೆಟ್ಟಿಗೆ ಕಟ್ಟಿದೆವು.

ಮೊದಲ ವರ್ಷ 11 ಪೆಟ್ಟಿಗೆಯಲ್ಲಿ ಗೂಡು. ಈ ವರ್ಷ 38! ಕುಣಿದಾಡಿದೆವು. ಆಮೇಲೆ ನಾನು ನೋಟ್‌ಬುಕ್ ಹಿಡಿದು ಕೂತು ಲೆಕ್ಕ ಹಾಕಿದೆ. 26 ಮೈನಾ, 6 ಮಡಿವಾಳ, 2 ಹಾಲಕ್ಕಿ (ಪುಟ್ಟ ಗೂಬೆ). ಉಳಿದ ನಾಲ್ಕರಲ್ಲಿ ಬರೀ ಹುಲ್ಲು, ಯಾರದ್ದೋ ಗೊತ್ತಾಗಲಿಲ್ಲ.

ಹೋದ ವಾರ ಒಂದು ಕಂಪನಿಯವರು ಬಂದಿದ್ದರು. 200 ಪೆಟ್ಟಿಗೆ ಕೊಡುತ್ತಾರಂತೆ. ಪ್ರತಿಯೊಂದರ ಮೇಲೂ ಅವರ ಹೆಸರಿನ ಫಲಕ ಇರಬೇಕಂತೆ. ಅವರ ಸಿಬ್ಬಂದಿಯೇ ಬಂದು ಒಂದೇ ದಿನದಲ್ಲಿ ಎಲ್ಲ ಕಟ್ಟಿ ಹೋಗುತ್ತಾರಂತೆ. ನಮ್ಮಲ್ಲಿ ಅರ್ಧ ಜನ ಹೂಂ ಅಂತಾರೆ, ಅರ್ಧ ಜನ ಊಹೂಂ. ಇರೋದು ಒಂದೇ ಏಣಿ. ಏನು ಮಾಡೋಣ?

ಭಾನುವಾರದ ಬೈನಾಕ್ಯುಲರ್
ಪುಕ್ಕಟೆ ಬರ್ತಿದೆ, ತಗೊಳ್ಳಿ ಸರ್. ಜಾಸ್ತಿ ಪೆಟ್ಟಿಗೆ ಅಂದ್ರೆ ಜಾಸ್ತಿ ಹಕ್ಕಿ. ಇದರಲ್ಲಿ ಯೋಚನೆ ಮಾಡೋದೇನಿದೆ?

ಹಳೆ ನೋಟ್‌ಬುಕ್
ಯೋಚನೆ ಮಾಡೋದೇ ಇರೋದು. 60 ಪೆಟ್ಟಿಗೆಯನ್ನು ವಾರಕ್ಕೊಮ್ಮೆ ತೆರೆದು ನೋಡೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ಮೊದಲು ಹೇಳಿ.

ಜೌಗಿನಂಚು
ಅಕ್ಕ, ನಿಜ ಹೇಳಬೇಕಾ? ವಾರಕ್ಕೊಮ್ಮೆ ನೋಡೋದು ಆಗ್ತಿಲ್ಲ. ಶುರುವಿನಲ್ಲಿ 14 ಜನವೂ ಬರುತ್ತಿದ್ದರು. ಈಗ ನಾಲ್ಕು ಜನ. 20–25 ಪೆಟ್ಟಿಗೆ ನೋಡುವಷ್ಟರಲ್ಲಿ ಬಿಸಿಲು ಏರಿಬಿಡುತ್ತೆ.

ಹಳೆ ನೋಟ್‌ಬುಕ್
ಹಾಗಾದರೆ ಉತ್ತರ ನಿಮ್ಮ ಹತ್ತಿರಾನೇ ಇದೆ.

ಬಡಗಿಯ ಮಗ
ಪೆಟ್ಟಿಗೆ ಯಾವುದರಿಂದ ಮಾಡಿದ್ದು ಅಂತ ಕಂಪನಿಯವರನ್ನು ಕೇಳಿದಿರಾ? ನಾನು ಇಂಥ ಪುಕ್ಕಟೆ ಪೆಟ್ಟಿಗೆ ನೋಡಿದ್ದೇನೆ. ತೆಳು ಪ್ಲೈವುಡ್, ಮೇಲೆ ಕಡು ಹಸಿರು ಬಣ್ಣ, ಮುಂದೆ ಚಂದಕ್ಕೆ ಒಂದು ಕಡ್ಡಿ. ಎಲ್ಲ ತಪ್ಪು. ಆ ಕಡ್ಡಿ ಹಕ್ಕಿಗೆ ಬೇಡ. ಪೊಟರೆ ಮುಂದೆ ಯಾವ ಮರ ಕಡ್ಡಿ ಇಟ್ಟುಕೊಂಡಿರುತ್ತೆ? ಗೂಡಿಗೆ ಕೈ ಹಾಕಲು ಬಂದವರಿಗೆ ಕುಳಿತುಕೊಳ್ಳೋಕೆ ಜಾಗ ಮಾಡಿಕೊಟ್ಟ ಹಾಗೆ ಅಷ್ಟೇ. ಹಲಗೆ ತೆಳುವಾದರೆ, ಬಣ್ಣ ಕಡುವಾದರೆ ಒಳಗೆ ಮರಿ ಬೇಯುತ್ತೆ.

ಹಲಗೆ 2 ಸೆಂ.ಮೀ. ಆದರೂ ದಪ್ಪ ಇರಲಿ. ಹೊರಗೆ ತಿಳಿ ಬಣ್ಣದ್ದು ಏನಾದರೂ ಹಚ್ಚಿ, ಒಳಗೆ ಮಾತ್ರ ಏನೂ ಹಚ್ಚಬೇಡಿ. ತಳದಲ್ಲಿ ನೀರು ಇಳಿಯೋಕೆ ನಾಲ್ಕು ತೂತು, ಮಾಡಿನ ಕೆಳಗೆ ಗಾಳಿಗೆ ಸಂದು. ಮಾಡು ಮುಂದಕ್ಕೆ ಚಾಚಿರಬೇಕು. ಇನ್ನೊಂದು ಮುಖ್ಯವಾದದ್ದು: ಒಂದು ಪಕ್ಕ ತೆರೆಯುವ ಹಾಗಿರಬೇಕು. ಸುತ್ತ ಮೊಳೆ ಹೊಡೆದು ಮುಚ್ಚಿದ ಪೆಟ್ಟಿಗೆಯನ್ನು ಯಾರೂ ಯಾವತ್ತೂ ತೊಳೆಯಲ್ಲ. ಒಳಗಿನ ಗೋಡೆ ನುಣುಪು ಬೇಡ, ಉಳಿಯಿಂದ ಅಡ್ಡಡ್ಡ ಗೀರಿ. ಮರಿ ಅದನ್ನೇ ಹಿಡಿದು ಮೇಲೆ ಹತ್ತಬೇಕು.

ಸುಮ್ನೆ ಓದುವವಳು
ತೂತು ಎಷ್ಟು ದೊಡ್ಡದಿರಬೇಕು?

ಬಡಗಿಯ ಮಗ
ಯಾರು ಬರಬೇಕು ಅನ್ನೋದರ ಮೇಲೆ. ಬ್ರಿಟನ್‌ನಲ್ಲಿ ಚಿಕ್ಕ ಬ್ಲೂ ಟಿಟ್‌ಗೆ 25 ಮಿ.ಮೀ., ಗ್ರೇಟ್ ಟಿಟ್‌ಗೆ 28, ಗುಬ್ಬಚ್ಚಿಗೆ 32, ಸ್ಟಾರ್ಲಿಂಗ್‌ಗೆ 45 ಅಂತ ಹೇಳುತ್ತಾರೆ. ಅಮೆರಿಕದ ಬ್ಲೂಬರ್ಡ್‌ಗೆ 38. ಮೂರು ಮಿ.ಮೀ. ವ್ಯತ್ಯಾಸ ಸಾಕು, ಮನೆಯ ಮಾಲೀಕರೇ ಬದಲಾಗುತ್ತಾರೆ. ಅಳಿಲು, ಮರಕುಟಿಗ ತೂತನ್ನು ಕೆತ್ತಿ ದೊಡ್ಡದು ಮಾಡುತ್ತವೆ, ಅದಕ್ಕೆ ಸುತ್ತ ಒಂದು ತಗಡಿನ ಬಳೆ ಹೊಡೆಯಿರಿ.

ಕಪ್ಪುಬಿಳುಪು
ಅಂದ್ರೆ 32 ಮಾಡಿದರೆ ಮೈನಾ ಕಾಟ ಮುಗೀತು! 26 ಪೆಟ್ಟಿಗೆ ಮೈನಾಗೆ ಕೊಟ್ಟಿದ್ದೀರಿ, ಅದೇನು ಅಳಿದು ಹೋಗೋ ಹಕ್ಕಿನಾ?

ಹಳೆ ನೋಟ್‌ಬುಕ್
ಮುಗಿಯುತ್ತೆ, ಮಡಿವಾಳನ ಕಥೆಯೂ ಜೊತೆಗೇ ಮುಗಿಯುತ್ತೆ. ಅದಕ್ಕೂ 32 ಇಕ್ಕಟ್ಟು. ಹಾಲಕ್ಕಿಯಂತೂ ತಲೆ ಕೂಡ ತೂರಿಸಲ್ಲ.

ಮೈನಾ ಬಗ್ಗೆ ಒಂದು ಮಾತು. ಆಸ್ಟ್ರೇಲಿಯಾದಲ್ಲಿ ಅದು ಹೊರಗಿಂದ ತಂದು ಬಿಟ್ಟ ಹಕ್ಕಿ. ಅಲ್ಲಿನ ಹಕ್ಕಿಗಳ ಪೊಟರೆ ಕಿತ್ತುಕೊಳ್ಳುತ್ತೆ ಅಂತ ಅಲ್ಲಿಯವರು ಹೋರಾಡುತ್ತಾರೆ, ಸರಿಯೇ. ಅಮೆರಿಕದಲ್ಲಿ ಗುಬ್ಬಚ್ಚಿ, ಸ್ಟಾರ್ಲಿಂಗ್ ಕಥೆಯೂ ಅದೇ. ಆದರೆ ಮೈನಾ ತನ್ನ ನೆಲದಲ್ಲೇ ಇದ್ದರೆ ಅದೂ ಅಲ್ಲಿಯ ಹಕ್ಕಿಯೇ ಅಲ್ವಾ. ಬಾಗಿಲು ತೆರೆದಿಟ್ಟವರು ನೀವು, ಅದು ಬಂತು. ಅದರ ಗೂಡು ಕಿತ್ತು ಹಾಕಬೇಕು ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ.

ಕಪ್ಪುಬಿಳುಪು
ನಾನು ಕಿತ್ತು ಹಾಕಿ ಅಂತ ಎಲ್ಲಿ ಹೇಳಿದೆ ಅಕ್ಕ? ಸುಮ್ನೆ ಬಾಯಿಗೆ ಮಾತು ತುರುಕಬೇಡಿ. ಜೌಗು ಉಳಿಸಿದ್ದು ನೀರುಹಕ್ಕಿಗೆ. ಮೈನಾಗೆ ಯಾವ ಮನೆಯ ಸೂರಾದರೂ ಆಗುತ್ತೆ. ಅಷ್ಟೇ ನಾನು ಹೇಳಿದ್ದು.

ಗುಳುಮುಳುಕ
ಕಪ್ಪುಬಿಳುಪು ಹೇಳಿದ್ದರಲ್ಲಿ ಒಂದು ಪಾಯಿಂಟ್ ಇದೆ, ಯಾರೂ ಅದನ್ನು ಹಿಡಿಯಲಿಲ್ಲ. ಜೌಗಿನ ಹಕ್ಕಿಗಳಲ್ಲಿ ಪೆಟ್ಟಿಗೆಗೆ ಬರೋದು ಎಷ್ಟು? ಬೆಳ್ಳಕ್ಕಿ, ಕೊಕ್ಕರೆ ಮರದ ಮೇಲೆ ಕಡ್ಡಿ ಜೋಡಿಸುತ್ತವೆ. ಮಿಂಚುಳ್ಳಿ ಮಣ್ಣಿನ ದಂಡೆಯಲ್ಲಿ ಸುರಂಗ ಕೊರೆಯುತ್ತೆ. ಗೀಜಗ ನೇಯುತ್ತೆ. ಮೆಟ್ಟುಗಾಲು ಹಕ್ಕಿ ಬರೀ ಕೆಸರು ನೆಲದ ಮೇಲೆ ಮೊಟ್ಟೆ ಇಡುತ್ತೆ. ನನ್ನ ಹೆಸರಿನ ಹಕ್ಕಿ ಅಂತೂ ನೀರಿನ ಮೇಲೆ ತೇಲುವ ಗೂಡು ಕಟ್ಟುತ್ತೆ. ಹೊರಗೆ ಹೋಗುವಾಗ ಮೊಟ್ಟೆ ಮೇಲೆ ಒದ್ದೆ ಕಳೆ ಎಳೆದು ಮುಚ್ಚಿ ಹೋಗುತ್ತೆ, ಹತ್ತು ಅಡಿ ದೂರದಲ್ಲಿ ನಿಂತರೂ ಕೊಳೆತ ಕಳೆಯ ಗುಡ್ಡೆ ಅನ್ನಿಸುತ್ತೆ.

ಇವರಿಗೆಲ್ಲ 200 ಅಲ್ಲ, 2000 ಪೆಟ್ಟಿಗೆ ಕಟ್ಟಿದರೂ ಉಪಯೋಗ ಇಲ್ಲ. ಬೇಕಾದ್ದು ಒಂದು ಕಡಿದಾದ ಮಣ್ಣಿನ ದಂಡೆ, ನಾಯಿ ಹೋಗದ ಒಂದು ನಡುಗಡ್ಡೆ, ಕೊಯ್ಯದೆ ಬಿಟ್ಟ ಜೊಂಡು, ಗೂಡಿನ ಕಾಲದಲ್ಲಿ ಏಕಾಏಕಿ ಏರದ ನೀರು. ಅದರ ಫೋಟೋ ಚೆನ್ನಾಗಿ ಬರಲ್ಲ, ಫಲಕ ಹೊಡೆಯೋಕೆ ಜಾಗವೂ ಇರಲ್ಲ.

ಭಾನುವಾರದ ಬೈನಾಕ್ಯುಲರ್
ಹಾಗಾದರೆ ಬಾತು? ಅಮೆರಿಕದಲ್ಲಿ ವುಡ್ ಡಕ್ ಅನ್ನು ಪೆಟ್ಟಿಗೆ ಇಟ್ಟೇ ಉಳಿಸಿದ್ದು ಅಂತ ಓದಿದ್ದೇನೆ. ಅದು ನೀರುಹಕ್ಕಿ ಅಲ್ವಾ?

ಗುಳುಮುಳುಕ
ಪೆಟ್ಟಿಗೆಯಿಂದಲೇ ಅಂತ ಹೇಳಿದರೆ ಅರ್ಧ ಕಥೆ. 20ನೇ ಶತಮಾನದ ಶುರುವಿನಲ್ಲಿ ಬೇಟೆ, ಕಾಡು ಕಡಿದದ್ದು ಎರಡೂ ಸೇರಿ ಅದು ತುಂಬಾ ಕಡಿಮೆ ಆಗಿತ್ತು. 1918ರಲ್ಲಿ ವಲಸೆ ಹಕ್ಕಿಗಳ ಕಾನೂನು ಬಂತು, ಬೇಟೆ ನಿಂತಿತು. ಪೆಟ್ಟಿಗೆ ಕಟ್ಟೋದು ಜೋರಾದದ್ದು 1930ರ ದಶಕದಲ್ಲಿ. ಕಾನೂನು, ಮತ್ತೆ ಬೆಳೆದ ಮರ, ಪೆಟ್ಟಿಗೆ ಎಲ್ಲ ಸೇರಿ ಹಕ್ಕಿ ಉಳಿಯಿತು.

ಆಮೇಲೆ ಅಲ್ಲೇ ಒಂದು ಎಡವಟ್ಟೂ ಆಯಿತು. ನೋಡೋಕೆ ಸುಲಭ ಅಂತ ನೀರಿನ ಮೇಲೆ ಬಯಲಲ್ಲಿ, ಹತ್ತಿರ ಹತ್ತಿರ ಸಾಲಾಗಿ ಕಟ್ಟಿದರು. ಹೆಣ್ಣು ಬಾತುಗಳು ಒಂದರ ಹಿಂದೆ ಒಂದು ಹೋಗಿ ಒಂದೇ ಪೆಟ್ಟಿಗೆಯಲ್ಲಿ ಮೊಟ್ಟೆ ಇಟ್ಟವು. ಒಂದು ಬಾತು ಸಾಮಾನ್ಯವಾಗಿ ಹತ್ತು ಹನ್ನೆರಡು ಇಡುತ್ತೆ. ಇಲ್ಲಿ 30 ದಾಟಿತು. ಅಷ್ಟಕ್ಕೂ ಕಾವು ತಾಗಲ್ಲ, ಬಹಳಷ್ಟು ಹಾಳಾಗುತ್ತವೆ. ಕಾಡಿನ ಪೊಟರೆಗಳ ಹಾಗೆ ಮರೆಯಲ್ಲಿ, ದೂರ ದೂರ ಇಟ್ಟ ಕಡೆ ಈ ತೊಂದರೆ ಕಡಿಮೆ. 200 ಪೆಟ್ಟಿಗೆ ಒಂದೇ ದಿನ ಕಟ್ಟುವವರು ಹೇಗೆ ಕಟ್ಟುತ್ತಾರೆ ಅಂದುಕೊಂಡಿರಿ? ಸಾಲಾಗಿ, ರಸ್ತೆಗೆ ಕಾಣುವ ಹಾಗೆ.

ಲೆಕ್ಕದ ಮೇಷ್ಟ್ರು
ಪೆಟ್ಟಿಗೆ ದೂರುವವರು ಇದನ್ನೂ ಸ್ವಲ್ಪ ಕೇಳಿ. ಗೋಲ್ಡನ್‌ಐ ಅನ್ನೋ ಬಾತು ಸ್ಕಾಟ್ಲೆಂಡ್‌ನಲ್ಲಿ ಮರಿ ಮಾಡಿದ್ದು ಮೊದಲು ಕಂಡದ್ದು 1970ರಲ್ಲಿ. ಆಮೇಲೆ ಅದು ಅಲ್ಲಿ ನೆಲೆ ನಿಂತು ಹೆಚ್ಚಿದ್ದು ಗೂಡುಪೆಟ್ಟಿಗೆಗಳಿಂದಲೇ. ಅಮೆರಿಕದ ಪೂರ್ವ ಭಾಗದಲ್ಲಿ ಪರ್ಪಲ್ ಮಾರ್ಟಿನ್ ಹೆಚ್ಚುಕಡಿಮೆ ಪೂರ್ತಿಯಾಗಿ ಮನುಷ್ಯರು ಇಟ್ಟ ಮನೆಗಳಲ್ಲೇ ಗೂಡು ಮಾಡುತ್ತೆ. ಆಕ್ಸ್‌ಫರ್ಡ್ ಹತ್ತಿರದ ವೈಥಮ್ ಕಾಡಿನಲ್ಲಿ ಗ್ರೇಟ್ ಟಿಟ್‌ಗಳನ್ನು 1947ರಿಂದ ಪೆಟ್ಟಿಗೆಯಲ್ಲೇ ಲೆಕ್ಕ ಇಡುತ್ತಾ ಬಂದಿದ್ದಾರೆ. ಪೆಟ್ಟಿಗೆ ಕೆಟ್ಟದ್ದಲ್ಲ.

ನನ್ನ ತಕರಾರು ನಿಮ್ಮ 38ರ ಬಗ್ಗೆ. ಅದು ಗೂಡು ಕಟ್ಟಿದ ಲೆಕ್ಕ. ಅದರಲ್ಲಿ ಮೊಟ್ಟೆ ಎಷ್ಟು? ಒಡೆದದ್ದು ಎಷ್ಟು? ಹಾರಿಹೋದ ಮರಿ ಎಷ್ಟು? ಹಾವು ಪೂರ್ತಿ ಖಾಲಿ ಮಾಡಿದ ಪೆಟ್ಟಿಗೆಯೂ ನಿಮ್ಮ ಪುಸ್ತಕದಲ್ಲಿ ಪಾಸೇ!

ಜೌಗಿನಂಚು
ಮೇಷ್ಟ್ರೇ, ನಾಚಿಕೆ ಆಗುತ್ತೆ. ಮರಿ ಹಾರಿದ್ದು ಖಚಿತವಾಗಿ ನೋಡಿದ್ದು 13 ಪೆಟ್ಟಿಗೆಯಲ್ಲಿ ಮಾತ್ರ. ಉಳಿದದ್ದರಲ್ಲಿ ಒಂದು ಸಲ ಮೊಟ್ಟೆ ನೋಡಿದ್ದೆವು, ಮುಂದಿನ ಸಲ ಹೋದಾಗ ಖಾಲಿ. ಹಾರಿದವಾ, ಯಾರಾದರೂ ತಿಂದರಾ, ಗೊತ್ತಿಲ್ಲ.

ಏಣಿ ಹಿಡಿದವನು
ನಾನೂ ಇದೇ ತಂಡದವನು. ಏಣಿ ನನ್ನ ಜವಾಬ್ದಾರಿ. ಒಂದು ಬಿಟ್ಟುಹೋಯಿತು: 41ನೇ ಪೆಟ್ಟಿಗೆಯಲ್ಲಿ ಜೇನು ಕಟ್ಟಿತ್ತು. ಏಣಿ ಮೇಲಿದ್ದವನು ಕಿವಿ ಹಚ್ಚಿ "ಒಳಗೆ ಏನೋ ಗುಂಯ್ ಅಂತಿದೆ" ಅಂದ. ನಾನು ಏಣಿ ಬಿಟ್ಟು ಓಡಿದೆ. ಅವನು ಇವತ್ತಿಗೂ ನನ್ನ ಜೊತೆ ಸರಿಯಾಗಿ ಮಾತಾಡಲ್ಲ.

ಸುಮ್ನೆ ಓದುವವಳು
😂 ಸರಿಯಾಗೇ ಮಾಡಿದ್ದಾನೆ ಅವನು.

ಬಡಗಿಯ ಮಗ
ಹಾವಿನ ಮಾತು ಬಂತಲ್ಲ, ಕಂಬಕ್ಕೆ ಏನಾದರೂ ತಡೆ ಇದೆಯಾ?

ಏಣಿ ಹಿಡಿದವನು
ಮುಳ್ಳುತಂತಿ ಸುತ್ತಿದ್ದೇವೆ.

ಬಡಗಿಯ ಮಗ
ಅದು ಹಾವಿಗೆ ಮೆಟ್ಟಿಲು ಅಣ್ಣ. ತಂತಿ ತೆಗೆದುಹಾಕಿ. ಕಂಬ ನುಣುಪಾದ ಕಬ್ಬಿಣದ್ದಾಗಿರಲಿ. ಪೆಟ್ಟಿಗೆಯ ಕೆಳಗೆ ತಗಡಿನ ಕೋನ್, ಬಾಯಿ ಕೆಳಗೆ ಮಾಡಿ, ಛತ್ರಿ ಥರ. ಅಗಲದಲ್ಲಿ ಜಿಪುಣತನ ಮಾಡಬೇಡಿ. ಕೋನ್ ಮತ್ತು ಕಂಬದ ನಡುವಿನ ಸಂದು ಮುಚ್ಚಿ, ಇಲ್ಲದಿದ್ದರೆ ಹಾವು ಅದರಲ್ಲೇ ನುಸುಳುತ್ತೆ. ಪಕ್ಕದಲ್ಲಿ ಗಿಡದ ಕೊಂಬೆ ಪೆಟ್ಟಿಗೆ ಮುಟ್ಟುವ ಹಾಗಿದ್ದರೆ ಕೋನ್ ಇದ್ದೂ ದಂಡ.

ಕಪ್ಪುಬಿಳುಪು
ಹಾವೂ ಜೌಗಿನ ಪ್ರಾಣಿನೇ ಅಲ್ವಾ? ಮೈನಾಗೆ ಹಕ್ಕಿದೆ ಅಂತೀರಿ, ಹಾವಿಗೆ ಇಲ್ವಾ?

ಹಳೆ ನೋಟ್‌ಬುಕ್
ಒಳ್ಳೆ ಪ್ರಶ್ನೆ, ವ್ಯಂಗ್ಯಕ್ಕೆ ಕೇಳಿದ್ದರೂ. ಮರದ ಪೊಟರೆ ಎಲ್ಲಿದೆ ಅಂತ ಹಾವು ಹುಡುಕಬೇಕು. ನಾವು ಒಂದೇ ಎತ್ತರದಲ್ಲಿ, ಒಂದೇ ಆಕಾರದಲ್ಲಿ, ಸಾಲಾಗಿ ಕಟ್ಟಿ ಅದಕ್ಕೆ ಪಾಠ ಹೇಳಿಕೊಡುತ್ತೇವೆ. ಒಂದು ಪೆಟ್ಟಿಗೆಯಲ್ಲಿ ಸಿಕ್ಕರೆ ಪಕ್ಕದ್ದಕ್ಕೂ ಹೋಗುತ್ತೆ. ಹಾವು ಬೇಟೆ ಆಡಲಿ, ಹುಡುಕಿ ಆಡಲಿ. ನಾವು ಹಕ್ಕಿಯನ್ನು ಕರೆದು ಕೂರಿಸಿದ ಮೇಲೆ ಅದರ ಹೊಣೆಯೂ ನಮ್ಮದೇ.

ನನ್ನದೊಂದು ತಪ್ಪು ಹೇಳಿಕೊಳ್ಳುತ್ತೇನೆ. ಮೊದಲ ವರ್ಷ ನನಗೆ ಹುಚ್ಚು ಉತ್ಸಾಹ. ಒಂದು ಮಡಿವಾಳದ ಪೆಟ್ಟಿಗೆ, ಐದು ಮೊಟ್ಟೆ, ತಿಳಿ ನೀಲಿ-ಹಸಿರು ಮೇಲೆ ಕಂದು ಚುಕ್ಕೆ. ನಾಲ್ಕು ಒಡೆದವು. ಆಮೇಲೆ ಹತ್ತು ದಿನ ಹೋಗಲಾಗಲಿಲ್ಲ. ಮರಿ ಎಷ್ಟು ದಿನದ್ದು ಅಂತ ಲೆಕ್ಕ ಹಾಕದೆ ಹೋಗಿ ಸೀದಾ ಪಕ್ಕದ ಹಲಗೆ ತೆರೆದೆ. ನಾಲ್ಕೂ ಗೋಡೆಗೆ ಅಂಟಿಕೊಂಡು ಕೂತಿದ್ದವು, ರೆಕ್ಕೆ ಬಂದಿತ್ತು, ಬಾಲ ಇನ್ನೂ ಮೋಟು. ಒಂದು ಕ್ಷಣ ನನ್ನನ್ನು ನೋಡಿದವು. ಆಮೇಲೆ ಸಿಡಿದ ಹಾಗೆ ನಾಲ್ಕೂ ನನ್ನ ತೋಳಿನ ಮೇಲಿಂದ ಹಾರಿದವು. ಹಾರೋದೇನು, ಬಿದ್ದವು. ಎರಡು ಜೊಂಡಿನಲ್ಲಿ, ಒಂದು ನೀರಿನಲ್ಲಿ. ನೀರಿನದ್ದನ್ನು ಎತ್ತಿದೆ. ಜೊಂಡಿನ ಎರಡರಲ್ಲಿ ಒಂದು ಸಿಕ್ಕಿತು. ನಾಲ್ಕನೆಯದು ಎಲ್ಲಿ ಹೋಯಿತೋ. ಸಿಕ್ಕಿದ ಎರಡನ್ನು ಒಳಗಿಟ್ಟು ತೂತಿಗೆ ಅಂಗೈ ಒತ್ತಿ ಹಿಡಿದು ನಿಂತೆ, ಒಳಗಿನ ಗಡಿಬಿಡಿ ನಿಲ್ಲುವ ತನಕ. ತಾಯಿ ಕಂಬದ ಸುತ್ತ ಕಿರುಚುತ್ತಾ ತಿರುಗುತ್ತಿತ್ತು.

ಅದಾದ ಮೇಲೆ ನೋಟ್‌ಬುಕ್ ಇಲ್ಲದೆ ಏಣಿ ಮುಟ್ಟಿಲ್ಲ. ಮರಿ ಹಾರುವ ದಿನ ಹತ್ತಿರ ಬಂದರೆ ಪೆಟ್ಟಿಗೆ ತೆರೆಯಲೇಬಾರದು, ದೂರದಿಂದ ನೋಡಬೇಕು. ಅಮೆರಿಕದಲ್ಲಿ ಬ್ಲೂಬರ್ಡ್ ಪೆಟ್ಟಿಗೆ ನೋಡುವವರು ಮರಿಗೆ 12 ದಿನ ಆದ ಮೇಲೆ ತೆರೆಯಲ್ಲ. ಆ ದಿನ ಎಣಿಸಬೇಕಾದರೆ ಮೊಟ್ಟೆ ಒಡೆದ ದಿನ ಗೊತ್ತಿರಬೇಕು. ಅದು ಗೊತ್ತಾಗಬೇಕಾದರೆ ವಾರ ವಾರ ಹೋಗಿರಬೇಕು. 260 ಪೆಟ್ಟಿಗೆಗೆ ನಾಲ್ಕು ಜನ!

ಸುಮ್ನೆ ಓದುವವಳು
ಓದಿ ಹೊಟ್ಟೆ ಚುರ್ ಅಂತು. ಆದರೆ ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸಲ್ಲ ಅಂತಾರಲ್ಲ? ಆ ಎರಡು ಏನಾದವು?

ಹಳೆ ನೋಟ್‌ಬುಕ್
ಅದು ಸುಳ್ಳು. ಅರ್ಧ ಗಂಟೆಯಲ್ಲಿ ತಾಯಿ ಹುಳು ತಂದಿತು. ಮುಟ್ಟಿದ್ದಕ್ಕೆ ಬಿಟ್ಟುಹೋಗಲ್ಲ, ಮತ್ತೆ ಮತ್ತೆ ಹೆದರಿಸಿದರೆ ಬಿಟ್ಟುಹೋಗುತ್ತೆ. ಅದೂ ಮೊಟ್ಟೆ ಇಡುವಾಗ, ಕಾವು ಶುರುವಾದ ಮೊದಲ ದಿನಗಳಲ್ಲಿ ಜಾಸ್ತಿ. ತೆರೆಯುವ ಮೊದಲು ಪೆಟ್ಟಿಗೆ ಮೆಲ್ಲಗೆ ತಟ್ಟಿ, ಹಕ್ಕಿ ಹೊರಗೆ ಹೋಗಲಿ. ಒಂದು ನಿಮಿಷದಲ್ಲಿ ಮುಗಿಸಿ. ಮಳೆಯಲ್ಲಿ ಬೇಡ, ಸಂಜೆ ಕತ್ತಲಾಗುವಾಗ ಬೇಡ.

ಭಾನುವಾರದ ಬೈನಾಕ್ಯುಲರ್
ಫೋಟೋ ತೆಗೆಯಬಹುದಾ? ಫ್ಲಾಶ್ ಇಲ್ಲದೆ?

ಹಳೆ ನೋಟ್‌ಬುಕ್
ಲೆಕ್ಕಕ್ಕೆ ಒಂದು ತೆಗೆಯಿರಿ. ಲೈಕಿಗೆ ಬೇಡ.

ಲೆಕ್ಕದ ಮೇಷ್ಟ್ರು
ವನ್ಯಜೀವಿ ಕಾನೂನೂ ಇದೆ, ಮರೆಯಬೇಡಿ. ಬ್ರಿಟನ್‌ನಲ್ಲಿ 1981ರದ್ದು, ಭಾರತದಲ್ಲಿ 1972ರದ್ದು, ಅಮೆರಿಕದಲ್ಲಿ ಮೇಲೆ ಹೇಳಿದ 1918ರದ್ದು. ಎಲ್ಲಿದ್ದೀರೋ ಅಲ್ಲಿಯ ಇಲಾಖೆಯ ಅನುಮತಿ ಕೇಳಿ ಪೆಟ್ಟಿಗೆ ತೆರೆಯಿರಿ. ಒಳ್ಳೆ ಕೆಲಸ ಮಾಡ್ತಿದ್ದೀವಿ ಅನ್ನೋದು ಅನುಮತಿ ಅಲ್ಲ.

ಕಪ್ಪುಬಿಳುಪು
ಈ ಪೆಟ್ಟಿಗೆ ಐಡಿಯಾ ಮೊದಲು ಯಾರ ತಲೆಗೆ ಬಂತೋ! ಮೊದಲು ಮರ ಕಡಿಯೋದು, ಆಮೇಲೆ ಅದೇ ಮರದ ಹಲಗೆಯಲ್ಲಿ ಗೂಡು ಮಾಡೋದು.

ಲೆಕ್ಕದ ಮೇಷ್ಟ್ರು
ಹಕ್ಕಿ ಉಳಿಸೋಕೆ ಅಂತ ಮಾಡಿದವರಲ್ಲಿ ಮೊದಲಿಗರು ಇಂಗ್ಲೆಂಡಿನ ಚಾರ್ಲ್ಸ್ ವಾಟರ್ಟನ್ (1782–1865) ಅಂತಾರೆ. ತನ್ನ ಜಮೀನಿನ ಸುತ್ತ ಎತ್ತರದ ಗೋಡೆ ಕಟ್ಟಿಸಿ ಒಳಗೆ ಬೇಟೆ ನಿಲ್ಲಿಸಿದ ಮನುಷ್ಯ. ಸ್ಟಾರ್ಲಿಂಗ್‌ಗೆ, ಮರಳುದಂಡೆಯ ಮಾರ್ಟಿನ್‌ಗೆ ಗೂಡಿನ ಜಾಗ ಮಾಡಿಕೊಟ್ಟಿದ್ದ. ಅವನೂ ಮೊದಲು ಕಟ್ಟಿದ್ದು ಗೋಡೆ, ನೋಡಿ.

ಗುಳುಮುಳುಕ
ಮರ ಕಡಿಯೋ ವಿಷಯಕ್ಕೆ ಬಂದದ್ದು ಒಳ್ಳೆಯದಾಯಿತು. ಜೌಗಿನಂಚು, ನಿಮ್ಮಲ್ಲಿ ಒಣಗಿದ ಮರ ಇದೆಯಾ?

ಜೌಗಿನಂಚು
ಮೂರಿತ್ತು. ನೀರು ನಿಂತ ಮೇಲೆ ಸತ್ತವು. ಅಸಹ್ಯ ಕಾಣುತ್ತೆ ಅಂತ ಎರಡು ಕಡಿಸಿದೆವು.

ಗುಳುಮುಳುಕ
ಅಯ್ಯೋ! ಅದೇ ನಿಮ್ಮ ಪುಕ್ಕಟೆ ಪೆಟ್ಟಿಗೆ! ಮರಕುಟಿಗ, ಕುಟ್ರು ಕೊರೆಯೋದು ಅಂಥ ಮೆತ್ತಗಾದ ಮರವನ್ನೇ. ಅವು ಬಿಟ್ಟ ತೂತಿಗೆ ಮಡಿವಾಳ, ಗಿಳಿ, ಹಾಲಕ್ಕಿ ಬರುತ್ತವೆ. ಉಳಿದ ಮೂರನೆಯದನ್ನು ದಯವಿಟ್ಟು ಮುಟ್ಟಬೇಡಿ. ದಾರಿ ಮೇಲೆ ಬೀಳುವ ಹಾಗಿದ್ದರೆ ಮೇಲಿನ ಕೊಂಬೆ ಮಾತ್ರ ಇಳಿಸಿ, ಬೊಡ್ಡೆ ನಿಲ್ಲಲಿ.

ಬಡಗಿಯ ಮಗ
ನಡುವೆ ಒಂದು ಪ್ರಶ್ನೆ. ಎರಡೂ ವರ್ಷ ಖಾಲಿ ಇದ್ದ ಪೆಟ್ಟಿಗೆ ಯಾವುದಾದರೂ ಇದೆಯಾ? ಅದರ ಮುಖ ಯಾವ ಕಡೆ?

ಏಣಿ ಹಿಡಿದವನು
17. ಪಶ್ಚಿಮಕ್ಕೆ. ಸಂಜೆ ಸೂರ್ಯ ಸೀದಾ ತೂತಿನೊಳಗೆ.

ಬಡಗಿಯ ಮಗ
ತಿರುಗಿಸಿ ಕಟ್ಟಿ.

ಸುಮ್ನೆ ಓದುವವಳು
ಗೂಡಿನ ಕಾಲ ಮುಗಿದ ಮೇಲೆ ತೊಳೆಯೋದು ಹೇಗೆ? ಔಷಧಿ ಹೊಡೆಯಬೇಕಾ?

ಹಳೆ ನೋಟ್‌ಬುಕ್
ಔಷಧಿ ಬೇಡವೇ ಬೇಡ. ಹಳೆ ಹುಲ್ಲು ತೆಗೆದು, ಕುದಿಯುವ ನೀರು ಹಾಕಿ, ಬಿಸಿಲಲ್ಲಿ ಒಣಗಿಸಿ. ಅದರಲ್ಲೇ ಚಿಗಟ, ಉಣ್ಣಿ ಹೋಗುತ್ತವೆ. ಮೂಗಿಗೆ ಮಾಸ್ಕ್, ಕೈಗೆ ಗ್ಲೌಸ್. ಮರಿ ಎಲ್ಲ ಹಾರಿದವು ಅಂತ ಖಚಿತ ಮಾಡಿಕೊಂಡೇ ತೆಗೆಯಿರಿ, ಕೆಲವು ಹಕ್ಕಿ ಎರಡನೇ ಸಲ ಅಲ್ಲೇ ಮೊಟ್ಟೆ ಇಡುತ್ತವೆ.

ಜೌಗಿನಂಚು
ಮೂರು ವಾರದ ನಂತರ ಬರೆಯುತ್ತಿದ್ದೇನೆ. ಇದೆಲ್ಲ ಪ್ರಿಂಟ್ ತೆಗೆದು ಸಭೆಯಲ್ಲಿ ಓದಿದೆ, ಜೇನಿನ ಕಥೆ ಬಿಟ್ಟು. ಕಂಪನಿಯವರಿಗೆ ಹೇಳಿದೆವು: 200 ಬೇಡ, 20 ಸಾಕು, ಬಡಗಿಯ ಮಗ ಹೇಳಿದ ಅಳತೆಗೆ ಮಾಡಿಸಿ. ಉಳಿದ ದುಡ್ಡಿನಲ್ಲಿ 60 ಕಂಬಕ್ಕೂ ಕೋನ್ ಹಾಕಿಸಿ, ಮಿಂಚುಳ್ಳಿಗೆ ಒಂದು ಮಣ್ಣಿನ ದಂಡೆ ಕಡಿಸಿಕೊಡಿ, ಒಂದು ಏಣಿ ಕೊಡಿ. ಫಲಕ ಗೇಟಿನಲ್ಲಿ ಒಂದೇ. ಮುಖ ಸಣ್ಣದಾಯಿತು ಅವರದ್ದು. ಹತ್ತು ದಿನ ಸುದ್ದಿ ಇರಲಿಲ್ಲ. ಆಮೇಲೆ ಕೋನ್‌ಗೂ ಏಣಿಗೂ ಒಪ್ಪಿದರು. ದಂಡೆ "ಮುಂದೆ ನೋಡೋಣ" ಅಂದಿದ್ದಾರೆ, ಅದನ್ನು ನಾವೇ ಗುದ್ದಲಿ ಹಿಡಿದು ಶುರು ಮಾಡಿದ್ದೇವೆ. ಮೈನಾದ ಪೆಟ್ಟಿಗೆ ಮೈನಾಗೇ.

17 ತಿರುಗಿಸಿ ಕಟ್ಟಿದೆವು. ನಿನ್ನೆ ಒಂದು ಮಡಿವಾಳ ಬಂದು ತೂತಿನಲ್ಲಿ ತಲೆ ಹಾಕಿ, ಬಾಲ ಎರಡು ಸಲ ಎತ್ತಿ ಇಳಿಸಿ, ಹೊರಟುಹೋಯಿತು.

ಭಾನುವಾರದ ಬೈನಾಕ್ಯುಲರ್
ನಾನು ಸೋತೆ. ನಿಮ್ಮ ಹತ್ತಿರ ಇದ್ದಿದ್ದರೆ ಶನಿವಾರ ನಾನೂ ಐದು ಪೆಟ್ಟಿಗೆ ವಹಿಸಿಕೊಳ್ಳುತ್ತಿದ್ದೆ.

ಬಡಗಿಯ ಮಗ
ಹೊಸ ಏಣಿ ಹೇಗಿದೆ?

ಏಣಿ ಹಿಡಿದವನು
ಎರಡು ಮೆಟ್ಟಿಲು ಗಿಡ್ಡ.

ಬಡಗಿಯ ಮಗ
ಪೆಟ್ಟಿಗೆ ಎರಡು ಅಡಿ ಕೆಳಗೆ ಇಳಿಸಿ, ಹಕ್ಕಿಗೇನೂ ಬೇಜಾರಿಲ್ಲ. ಕೋನ್ ಕೂಡ ಜೊತೆಗೆ ಇಳಿಸೋದು ಮರೀಬೇಡಿ.